ಗೇಟ್ ಪಕ್ಕದ ಫೈಕಸ್ ಮರ ತೆಗೆಸಬೇಕು, ಬೇರು ಸಂಪಿನೊಳಗೆ ಬಂದಿದೆ

ಕ್ಲರ್ಕ್ ಸಾಹೇಬ, ಮೈಸೂರು (ಫೆಬ್ರವರಿ 9)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ರಿಟೈರ್ ಆದವನ ಹತ್ತಿರ ಸಮಯಕ್ಕೇನು ಬರ.

ನಮ್ಮದು ಕುವೆಂಪುನಗರದಲ್ಲಿ 40×60 ಸೈಟು, ಮನೆ ಕಟ್ಟಿದ್ದು 2008ರಲ್ಲಿ. ಗೃಹಪ್ರವೇಶಕ್ಕೆ ಬ್ಯಾಂಕಿನವರೆಲ್ಲ ಸೇರಿ ಕುಂಡದಲ್ಲಿ ಒಂದು ಫೈಕಸ್ ಗಿಡ ತಂದುಕೊಟ್ಟರು. ಮೂರು ಎಳೇ ಕಾಂಡಗಳನ್ನ ಜಡೆ ಹೆಣೆದ ಹಾಗೆ ಹೆಣೆದು, ಮೇಲೆ ಎಲೆಯನ್ನ ಚೆಂಡಿನ ಥರ ಕತ್ತರಿಸಿರ್ತಾರಲ್ಲ, ಹೋಟೆಲ್ ಬಾಗಿಲಲ್ಲಿ ಎರಡು ಕಡೆ ಇಟ್ಟಿರ್ತಾರಲ್ಲ, ಅದೇ. ಎರಡು ವರ್ಷ ವರಾಂಡದಲ್ಲಿತ್ತು. ಒಂದು ದಿನ ನೋಡಿದರೆ ಕುಂಡ ಎರಡು ಹೋಳು. ನನಗೆ ಆಗಲೇ ಬುದ್ಧಿ ಬರಬೇಕಿತ್ತು. ಪಾಪ, ಜಾಗ ಸಾಲದೆ ಒದ್ದಾಡ್ತಿದೆ ಅಂತ ನಾನೇ ಕೈಯಾರೆ ಗುಂಡಿ ತೋಡಿ ಗೇಟಿನ ಎಡಗಡೆ ನೆಟ್ಟೆ. ಸಂಪಿನ ಗೋಡೆಗೂ ಅದಕ್ಕೂ ಸರಿಯಾಗಿ ನಾಲ್ಕಡಿ.

2020ರವರೆಗೂ ತಿಂಗಳಿಗೊಂದು ಸಲ ಮಾಲಿ ಬಂದು ಚೆಂಡು ಮಾಡಿ ಹೋಗ್ತಿದ್ದರು. ಕೊರೋನಾ ಟೈಮಲ್ಲಿ ಊರಿಗೆ ಹೋದವರು ಮತ್ತೆ ಬರಲಿಲ್ಲ. ಎರಡು ವರ್ಷ ಕತ್ತರಿ ಬೀಳಲಿಲ್ಲ, ಅಷ್ಟೇ ನೋಡಿ. ಈಗ ಮಹಡಿ ಮೇಲಿನ ಟ್ಯಾಂಕನ್ನೂ ದಾಟಿ ನಿಂತಿದೆ. ಎದೆಮಟ್ಟದಲ್ಲಿ ಟೇಪು ಹಿಡಿದರೆ ಸುತ್ತಳತೆ 3 ಅಡಿ 8 ಇಂಚು. ಮೂರು ಕಾಂಡವೂ ಬೆಸೆದು ಒಂದಾಗಿ, ಜಡೆಯ ಗುರುತು ಮಾತ್ರ ಉಳಿದಿದೆ. ಕಾಂಪೌಂಡ್ ಗೋಡೆ ಬಿರುಕಿನಲ್ಲಿ ಮೊಮ್ಮಗ ಕ್ರಿಕೆಟ್ ವಿಕೆಟ್ ಸಿಗಿಸಿ ಇಡ್ತಾನೆ. ಗೇಟು ಎತ್ತಿ ತಳ್ಳಿದರೆ ಮಾತ್ರ ಹಾಕೋಕಾಗುತ್ತೆ. ಒಳಚರಂಡಿಯ (ಯುಜಿಡಿ) ಚೇಂಬರ್ ಎರಡು ಸಲ ಕಟ್ಟಿಕೊಂಡಿದೆ. ಇದನ್ನೆಲ್ಲ ಸಹಿಸಿಕೊಂಡಿದ್ದೆ.

ಕಳೆದ ಭಾನುವಾರ ಸಂಪು ತೊಳೆಸೋಣ ಅಂತ ಮುಚ್ಚಳ ಎತ್ತಿದೆ. ಟಾರ್ಚ್ ಬಿಟ್ಟರೆ ಮೂಲೆಯಲ್ಲಿ ಏನೋ ಕೂತಿದೆ. ಹೆಗ್ಗಣ ಬಿದ್ದು ಸತ್ತಿದೆ ಅಂದುಕೊಂಡು ಕೋಲಲ್ಲಿ ತಿವಿದೆ. ಅಲ್ಲಾಡ್ತು, ಜಾಗ ಬಿಟ್ಟು ಕದಲಲಿಲ್ಲ. ನೀರು ಖಾಲಿ ಮಾಡಿ ಇಳಿದು ನೋಡಿದರೆ ಬೇರು! ತೆಂಗಿನನಾರು ನೆನೆಹಾಕಿದ ಹಾಗೆ ಕೆಂಚು ಗುಡ್ಡೆ, ತುದಿಗಳು ಮಾತ್ರ ಬೆಳ್ಳಗೆ ಶಾವಿಗೆ ಎಳೆ. ಮುಟ್ಟಿದರೆ ಲೋಳೆ. ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ ಪೆನ್ಸಿಲ್ ದಪ್ಪದ ಒಂದೇ ಒಂದು ಬೇರು ಒಳಗೆ ಬಂದಿದೆ. ಅದಕ್ಕೇ ಇಷ್ಟು ಸಂಸಾರ. ಕುಯ್ದು ಹಾಕಿದೆ, ಎರಡು ಬಕೆಟ್ ತುಂಬಿತು.

ಮರ ತೆಗೆಸೋದು ಅಂತ ತೀರ್ಮಾನ ಆಯ್ತು. ಅಲ್ಲಿಂದ ಶುರುವಾಯ್ತು ನೋಡಿ ಬೀದಿಯವರ ಸಲಹೆ. ಎದುರುಮನೆಯವರು ಬುಡದಲ್ಲಿ ತೂತು ಕೊರೆದು ಇಂಗು ತುಂಬಿ ಅಂತಾರೆ. ಪಕ್ಕದವರು ತಾಮ್ರದ ಮೊಳೆ ಹೊಡೀರಿ ಅಂತಾರೆ. ನಮ್ಮ ಭಾವಮೈದ ಆಸಿಡ್ ಅಂತಾನೆ, ಅವನು ಯಾವುದಕ್ಕೂ ಆಸಿಡ್ಡೇ ಅನ್ನೋದು. ವಾಸ್ತು ನೋಡೋರೊಬ್ಬರು ಹಾಲು ಬರೋ ಮರ ಮನೆ ಮುಂದೆ ಇರಲೇಬಾರದಿತ್ತು ಅಂದರು. ನಮ್ಮಮ್ಮನಿಗೆ 84. ಹಾಲು ಬರೋ ಮರ ಕಡೀಬಾರದು, ಅತ್ತಿ ಆಲ ಅರಳಿ ಜಾತಿ ಅದು, ನಾನು ಹೋದ ಮೇಲೆ ಏನಾದರೂ ಮಾಡ್ಕೊ ಅಂತಾರೆ. ಇರಬಾರದು, ಕಡೀಬಾರದು. ಇಬ್ಬರ ಮಾತೂ ನಡೆಸೋದು ಹೇಗೆ?

ಮರ ಕಡಿಯೋರು ಇಬ್ಬರು ಬಂದು ನೋಡಿ ಹೋದರು. ಒಬ್ಬರು ಕೊಡಲಿ, ಮಚ್ಚು, ಹಗ್ಗ, 6,000 ರೂಪಾಯಿ ಅಂದರು. ಇನ್ನೊಬ್ಬರು ಮಷಿನ್ ತರ್ತೀವಿ, 14,000, ಬುಡ ಬೇಕಾದರೆ ಜೆಸಿಬಿ ಬೇರೆ. ನನ್ನ ಪ್ರಶ್ನೆ ಮೂರು. ನಮ್ಮದೇ ಸೈಟಿನ ಮರಕ್ಕೂ ಪರ್ಮಿಷನ್ ಬೇಕಾ? ಬುಡ ಮತ್ತೆ ಚಿಗುರದ ಹಾಗೆ ಏನು ಮಾಡೋದು? ಸಂಪು ಉಳಿಸೋದು ಹೇಗೆ?

ಹಿತ್ತಲ ಗೇರು, ಸಾಗರ

ಸಾಹೇಬ್ರೇ, ಮೊದಲು ಇಂಗಿನ ಡಬ್ಬಿ ಅಡುಗೆಮನೆಗೆ ವಾಪಸ್ ಇಡಿ. ಇಂಗು ತೆಂಗು ಕೊಟ್ಟರೆ ಮಂಗನೂ ಅಡುಗೆ ಮಾಡ್ತದೆ ಅಂತ ಗಾದೆ ಉಂಟು, ಮರ ಕೊಲ್ತದೆ ಅಂತ ಇಲ್ಲ. ತಾಮ್ರದ ಮೊಳೆಯೂ ಅಷ್ಟೇ. ಅಷ್ಟು ದಪ್ಪದ ಮರ ಮೊಳೆಯನ್ನ ಒಳಗೆ ಹಾಕ್ಕೊಂಡು ತೊಗಟೆ ಮುಚ್ಕೊಂಡು ಕೂರ್ತದೆ. ಆಸಿಡ್ ಮಾತ್ರ ಕೆಲಸ ಮಾಡ್ತದೆ, ನಿಮ್ಮ ಸಂಪಿನ ಸಿಮೆಂಟಿನ ಮೇಲೆ!

ಪರ್ಮಿಷನ್ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರದ್ದು ಉಂಟು. ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ, ಅಂದರೆ ಟ್ರೀ ಆಫೀಸರ್ ಅಪ್ಪಣೆ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಇಂಥ ಕೆಲವಕ್ಕೆ ವಿನಾಯಿತಿ. ಫೈಕಸ್ ಆ ಪಟ್ಟಿಯಲ್ಲಿಲ್ಲ. ಮತ್ತೆ ಕಡಿಯೋದು ಅಂದರೆ ಬುಡಕ್ಕೆ ಕೊಡಲಿ ಹಾಕೋದು ಮಾತ್ರ ಅಲ್ಲ, ತೊಗಟೆ ಸುಲಿಯೋದು, ಸುಡೋದು, ವಿಷ ಹಾಕಿ ಒಣಗಿಸೋದು ಎಲ್ಲ ಅದರೊಳಗೇ ಬರ್ತದೆ. ಹಾಗಾಗಿ ಬೀದಿಯವರ ಉಪಾಯವೆಲ್ಲ ಕಾನೂನಿಗೂ ಆಗೋದಲ್ಲ. ಅರ್ಜಿಗೆ ಕಂದಾಯ ರಸೀದಿ, ಜಾಗದ ಕಾಗದ, ಫೋಟೋ ಲಗತ್ತಿಸಿ. ಸಂಪಿನೊಳಗಿನ ಬೇರಿನ ಫೋಟೋ ತೆಗೆದಿದ್ದೀರಾ? ಆ ಎರಡು ಬಕೆಟ್‌ದಾದರೂ? ಸ್ಥಳ ನೋಡಲಿಕ್ಕೆ ಬರ್ತಾರೆ. ಬದಲಿಗೆ ಸಸಿ ನೆಡಲಿಕ್ಕೆ ಹೇಳ್ತಾರೆ, ಎಲ್ಲಿ ನೆಡೋದು ಅಂತ ಈಗಲೇ ಯೋಚನೆ ಮಾಡಿಟ್ಟುಕೊಳ್ಳಿ.

ಬುಡದ ವಿಷಯ ನನ್ನ ಅನುಭವದ್ದು. ನಮ್ಮ ಬಾವಿಕಟ್ಟೆ ಪಕ್ಕ ರಬ್ಬರ್ ಪ್ಲಾಂಟ್ ಅಂತ ಅಗಲ ಎಲೆಯ ಗಿಡ ನಮ್ಮ ಮಾವ ನೆಟ್ಟಿದ್ದರು, ಅದೂ ಫೈಕಸ್ಸೇ, ನಿಮ್ಮದರ ದಾಯಾದಿ. ಬಾವಿಯ ಕಲ್ಲಿನ ಸಂದಿಯಲ್ಲಿ ಬೇರು ಇಳಿಬಿಟ್ಟು ಜೋಕಾಲಿ ಆಡ್ತಿತ್ತು. ಕಡಿಸಿದೆವು. ಹದಿನೈದು ದಿನಕ್ಕೆ ಬೊಡ್ಡೆಯ ಸುತ್ತ ಚಿಗುರು, ಮದುವೆಮನೆ ತೋರಣದ ಹಾಗೆ. ಕಳೆನಾಶಕ ಹಾಕಿ ಅಂದರು ಅಂಗಡಿಯವರು. ಗ್ಲೈಫೋಸೇಟ್ ಹಾಕುವ ಕ್ರಮ ಉಂಟು, ಕೊಯ್ದ ಕೆಲವೇ ನಿಮಿಷದೊಳಗೆ ತೊಗಟೆಯ ಒಳಗಿನ ಹಸಿ ಉಂಗುರಕ್ಕೆ ಬ್ರಷ್‌ನಲ್ಲಿ ಸವರಬೇಕು, ಒಣಗಿದ ಮೇಲೆ ಸುರಿದರೆ ವ್ಯರ್ಥ. ಆದರೆ 2022ರಲ್ಲಿ ಕೇಂದ್ರ ಸರ್ಕಾರ ಅದನ್ನ ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರೇ ಬಳಸಬೇಕು ಅಂತ ಆದೇಶ ಮಾಡಿದೆ. ಅದಿರಲಿ, ಬೇರು ಕುಡಿಯುವ ನೀರಿನೊಳಗೆ ಕಾಲು ಇಳಿಬಿಟ್ಟು ಕೂತಿರುವಾಗ ಬುಡಕ್ಕೆ ವಿಷ ಯಾಕೆ? ನಾವು ಹಾಕಲಿಲ್ಲ. ನೆಲಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಕೊಯ್ಸಿ, ಸುತ್ತ ತೊಗಟೆ ಸುಲಿದು, ಕಪ್ಪು ಟಾರ್ಪಾಲು ಹೊದಿಸಿ ಮೇಲೆ ಕಲ್ಲು ಹೇರಿದೆವು. ಬದಿಯಿಂದ ಬಂದ ಚಿಗುರನ್ನ ವಾರಕ್ಕೊಮ್ಮೆ ಉಗುರಲ್ಲಿ ಚಿವುಟೋದು. ಎಲೆ ಬಿಚ್ಚಲಿಕ್ಕೆ ಬಿಡಲೇಬಾರದು. ಬಿಸಿಲು ಕುಡಿದು ಬೇರಿಗೆ ಅನ್ನ ಕಳಿಸೋದು ಎಲೆ. ಬೇರಲ್ಲಿ ಕೂಡಿಟ್ಟದ್ದನ್ನೇ ಖರ್ಚು ಮಾಡಿ ಮಾಡಿ ಅದು ಸೋಲಬೇಕು. ನಮ್ಮದು ಸೋಲಲಿಕ್ಕೆ ಒಂದೂವರೆ ವರ್ಷ ಹಿಡಿಯಿತು.

ಕೊಯ್ಯುವಾಗ ಬರುವ ಹಾಲು ಮೈಗೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ. ಕೆಲಸದವರಿಗೆ ಹೇಳಿ.

ಮೇಸ್ತ್ರಿ ಮಗ, ಮಂಡ್ಯ

ಸರ್, ಬೇರು ನಿಮ್ಮ ಸಂಪು ಒಡೀಲಿಲ್ಲ. ಬೇಜಾರು ಮಾಡ್ಕೋಬ್ಯಾಡಿ, ನಿಮ್ಮ ಸಂಪು ಮೊದಲೇ ಜಿನುಗ್ತಾ ಇತ್ತು.

ಒಣಗೋಡೆಗೆ ಬೇರು ಬರಾಕಿಲ್ಲ. ಗೋಡೆ ಹೊರಗಡೆ ಮಣ್ಣು ಯಾವಾಗ್ಲೂ ತಂಪಾಗಿದ್ರೆ ಆ ಕಡೆ ಬರ್ತದೆ, ಕೂದಲೆಳೆ ಬಿರುಕು ಸಿಕ್ರೆ ಸಾಕು ನುಗ್ತದೆ, ಒಳಗೆ ಹೋದಮ್ಯಾಲೆ ದಪ್ಪ ಆಗ್ತಾ ಬಿರುಕು ಅಗಲ ಮಾಡ್ತದೆ. ಗೋಡೆ ನೆಲ ಸೇರೋ ಮೂಲೆ ಅಂದ್ರಲ್ಲ, ಸಂಪುಗಳು ಸೋರೋದು ಹೆಚ್ಚಾಗಿ ಅಲ್ಲೇಯ. ಅದನ್ನ ಸರಿ ಮಾಡ್ದೆ ಮರ ತೆಗುಸ್ಬುಟ್ರೆ ನೀರು ಸೋರ್ತಾನೇ ಇರ್ತದೆ, ನಾಳೆ ಪಕ್ಕದ ಮನೆ ತೆಂಗಿನ ಬೇರು ಬರ್ತದೆ.

ಒಂದು ಟೆಸ್ಟು ಮಾಡಿ. ಸಂಪು ತುಂಬುಸಿ, ನಲ್ಲಿ ವಾಲ್ವ್ ಬಂದ್ ಮಾಡಿ, ಮೋಟ್ರು ಹಾಕ್ಬ್ಯಾಡಿ. ರಾತ್ರಿ 10 ಗಂಟೆಗೆ ಮುಚ್ಚಳದಿಂದ ನೀರಿಗೆ ಟೇಪು ಬಿಟ್ಟು ಬರ್ಕೊಳ್ಳಿ, ಬೆಳಗ್ಗೆ 6ಕ್ಕೆ ಇನ್ನೊಂದು ಸಲ. 6×6 ಅಡಿ ಸಂಪಾದ್ರೆ ಒಂದಿಂಚು ಇಳಿದ್ರೆ 3 ಘನ ಅಡಿ, ಹತ್ತತ್ರ 85 ಲೀಟರು. ನೀರು ಇಳೀತಾ ಇಳೀತಾ ಒಂದ್ಕಡೆ ನಿಂತೋದ್ರೆ ಬಿರುಕು ಅದೇ ಮಟ್ಟದಾಗೆ ಅದೆ ಅಂತ ಲೆಕ್ಕ.

ಆಮ್ಯಾಲೆ ಇನ್ನೊಂದು ವಿಷ್ಯ, ಇದು ಮುಖ್ಯ. ಮರ ನಿಂತಿರೋವಾಗ್ಲೇ ಸಂಪಿಗೂ ಬುಡಕ್ಕೂ ನಡುವೆ ಟ್ರೆಂಚ್ ಹೊಡ್ದು ಬೇರು ಕಡೀಬ್ಯಾಡಿ. ಒಂದು ಕಡೆ ಬೇರು ಹೋದ್ರೆ ಗಾಳಿಗೆ ಇನ್ನೊಂದು ಕಡೆ ವಾಲ್ತದೆ, ಇನ್ನೊಂದು ಕಡೆ ನಿಮ್ಮ ಮನೆ ಅದೆ. ಮೊದ್ಲು ಕೊಂಬೆ, ಆಮೇಲೆ ಕಾಂಡ ಮೇಲಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳ್ಸೋದು, ಕೊನೇಗೆ ಬೇರು. ಜೆಸಿಬಿ ಅಂದೋರ್ನ ಗೇಟಿಂದಾಚೆಗೆ ಕಳ್ಸಿ. ನಾಲ್ಕಡಿ ದೂರದಾಗೆ ಬಕೆಟ್ ಹಾಕಿ ಬುಡ ಎಳುದ್ರೆ ಬೇರು ಹಿಡ್ಕಂಡು ಸಂಪಿನ ಗೋಡೇನೂ ಜೊತೇಲಿ ಬರ್ತದೆ. ಅಂಥದ್ದನ್ನ ಕಣ್ಣಾರೆ ನೋಡಿವ್ನಿ. ಹಾರೆ, ಪಿಕಾಸಿ, ಕೈಗರಗಸ, ಎರಡಾಳು ಮೂರು ದಿನ. ಅಷ್ಟೇಯ.

ಸಂಪಿನೊಳಗಿರೋ ಬೇರನ್ನ ಎಳೀಬ್ಯಾಡಿ, ಪ್ಲಾಸ್ಟ್ರಿಂಗ್ ಕಿತ್ತು ಬರ್ತದೆ. ಗೋಡೆ ಮಟ್ಟಕ್ಕೆ ಕುಯ್ದು, ಮರ ಹೋದ ಮೇಲೆ ಬಿರುಕಿನ ಉದ್ದಕ್ಕೂ ಉಳಿ ಹಿಡಿದು ಬಿಡುಸ್ಕಂಡು, ಬೇರಿನ ತುಂಡು ತೆಗೆದು, ಕುಗ್ಗದ ಸಿಮೆಂಟ್ ಗಾರೆ (ಗ್ರೌಟ್) ತುಂಬಿ, ಮೇಲೆ ವಾಟರ್‌ಪ್ರೂಫ್ ಕೋಟಿಂಗ್. ಕ್ಯೂರಿಂಗ್, ಅಂದ್ರೆ ತೇವ ಇಟ್ಟು ಗಟ್ಟಿ ಆಗಾಕೆ ಬಿಡೋದು, ಅದನ್ನ ಬಿಟ್ಟು ಅವಸರ ಮಾಡಿದ್ರೆ ಮತ್ತೆ ನನ್ನಂಥೋರ್ಗೆ ಕೆಲಸ.

ಗುಬ್ಬಿಗೂಡು, ಬೆಂಗಳೂರು

ಎಲ್ಲರೂ ಕಡಿಯೋದು ಹೇಗೆ ಅಂತಲೇ ಹೇಳ್ತಿದೀರಿ. ಆ ಮರದ ಹಣ್ಣಿಗೆ ಎಷ್ಟು ಹಕ್ಕಿ ಬರುತ್ತೆ ನೋಡಿದೀರಾ? ಕುಟ್ರು, ಕೋಗಿಲೆ, ಪಿಕಳಾರ, ರಾತ್ರಿ ಬಾವಲಿ. ಅರ್ಧಕ್ಕೆ ಇಳಿಸಿ ವರ್ಷಕ್ಕೊಮ್ಮೆ ಕತ್ತರಿಸಿಕೊಂಡು ಇಟ್ಟುಕೊಳ್ಳಬಹುದಲ್ಲ? ನಿಮ್ಮ ತಾಯಿ ಹೇಳೋದ್ರಲ್ಲಿ ಅರ್ಥ ಇದೆ.

ಕ್ಲರ್ಕ್ ಸಾಹೇಬ, ಮೈಸೂರು

ಗುಬ್ಬಿಗೂಡು ಅವರೇ, ಅಮ್ಮನಿಗೆ ನಿಮ್ಮ ಮಾತು ಓದಿ ಹೇಳಿದೆ. ಊಟಕ್ಕೆ ಕರೆದಿದ್ದಾರೆ. ಆದರೆ ತಲೆ ಕತ್ತರಿಸಿದರೆ ಬೇರು ಸುಮ್ಮನಿರುತ್ತಾ? ಹತ್ತು ವರ್ಷ ಚೆಂಡು ಮಾಡಿಸಿದಾಗಲೇ ಗೋಡೆ ಬಿರುಕು ಬಿಟ್ಟಿದ್ದು. ಪಾರ್ಕಿನಲ್ಲಿದ್ದಿದ್ದರೆ ನಾನೇ ಕೈ ಮುಗೀತಿದ್ದೆ. ತಪ್ಪು ಮರದ್ದಲ್ಲ, ಗುಂಡಿ ತೋಡಿದವನದ್ದು.

ಮೇಸ್ತ್ರಿ ಮಗ ಅವರೇ, ಟೇಪು ಬಿಟ್ಟೆ. ಎಂಟು ಗಂಟೆಯಲ್ಲಿ ಎರಡಿಂಚು. 170 ಲೀಟರ್! ಹೆಂಡತಿ ಕ್ಯಾಲ್ಕುಲೇಟರ್ ಹಿಡಿದು ತಿಂಗಳ ಲೆಕ್ಕ ಹಾಕೋಕೆ ಶುರು ಮಾಡಿದಳು, ಬೇಡ ಅಂದೆ. ಮನೆಯಲ್ಲಿ ನೀರು ಬೇಗ ಖಾಲಿಯಾಗುತ್ತೆ ಅಂತ ಮೂರು ವರ್ಷದಿಂದ ಕೆಲಸದಾಕೆಗೆ ಗೊಣಗ್ತಿದ್ದೆ. ಅವಳಿಗೆ ಈಗ ಏನು ಹೇಳಲಿ ಗೊತ್ತಾಗ್ತಿಲ್ಲ.

ಧಾರವಾಡ ಪೇಢೆ

ಸರ್, ನಿಮ್ಮ ಕಡೆ ಕೆಂಪು ಮಣ್ಣ ಇದ್ರ ನಾ ಹೇಳೂದು ನಿಮಗ ಅಷ್ಟು ಬೇಕಾಗೂದಿಲ್ಲ. ಆದ್ರ ಬ್ಯಾರೆ ಯಾರರ ಓದಾಕತ್ತಿದ್ರ ಇರಲಿ ಅಂತ ಬರ್ಯಾಕತ್ತೇನಿ.

ನಮ್ಮದು ಎರಿ ಮಣ್ಣರೀ. ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಕ ಬಿಡತೈತಿ, ಮಳಿಗಾಲಕ್ಕ ಉಬ್ಬತೈತಿ. ಮನಿ ಮುಂದ ನಮ್ಮ ಅಜ್ಜನ ಕಾಲದ್ದೊಂದು ಗುಲ್‌ಮೊಹರ್ ಇತ್ತು. ಅದರ ಬಾಜೂಕ ಆಮ್ಯಾಲೆ ನಾವು ಕಂಪೌಂಡ್ ಕಟ್ಟಿ, ಅಂಗಳಕ್ಕ ಫರಸಿ ಕಲ್ಲು ಹಾಕಿಸಿದ್ವಿ. ಗಿಡ ಒಳಗ ಟೊಳ್ಳ ಆಗಿತ್ತಂತ ಪರ್ಮಿಷನ್ ತಗೊಂಡು ಕಡಿಸಿದ್ವಿ. ಮುಂದಿನ ಮಳಿಗಾಲಕ್ಕ ಫರಸಿ ಎದ್ದು ನಿಂತವ್ರೀ, ಬಾಗಲಾ ತಗ್ಯಾಕ ಬರಲಿಲ್ಲ! ಯಾಕಂದ್ರ ಇಷ್ಟು ವರ್ಷ ಗಿಡ ನೀರು ಹೀರಿ ಮಣ್ಣು ಕುಗ್ಗಿಸಿ ಇಟ್ಟಿತ್ತು, ನಾವು ಕುಗ್ಗಿದ ಮಣ್ಣಿನ ಮ್ಯಾಲೆ ಕಟ್ಟಿದ್ವಿ. ಗಿಡ ಹೋತು, ಮಣ್ಣು ನೀರು ಕುಡಿದು ಮ್ಯಾಲೆದ್ದಿತು. ಮನಿ ಮದಲ, ಗಿಡ ಆಮ್ಯಾಲೆ ಅಂದ್ರ ಈ ಅಂಜಿಕಿ ಕಡಿಮಿ. ಗಿಡ ಮದಲಿದ್ದು ಆಮ್ಯಾಲೆ ಕಟ್ಟಿದವರು ಮಾತ್ರ ಒಂದ ಸಲ ಇಂಜಿನಿಯರ್‌ಗೆ ತೋರಸ್ರಿ.

ಕೆಂಪು ಮಣ್ಣಾಗೂ ಒಂದ ಮಾತ ಐತಿ. ಬೇರು ಕೊಳತ ಮ್ಯಾಲೆ ಅಲ್ಲಿ ಪೊಳ್ಳಾಗಿ ನೆಲ ಕುಸೀತೈತಿ. ಕಡಿದ ಕೂಡಲೆ ಕಾಂಕ್ರೀಟ್ ಹಾಕಬ್ಯಾಡ್ರಿ. ಒಂದೆರಡು ಮಳಿಗಾಲ ಉಸುಕಿನ ಮ್ಯಾಲೆ ಕಲ್ಲು ಹಾಸಿ ಬಿಡ್ರಿ, ತಗ್ಗು ಬಿದ್ರ ಎತ್ತಿ ಮಣ್ಣು ತುಂಬಾಕ ಬರತೈತಿ.

ಕ್ಲರ್ಕ್ ಸಾಹೇಬ, ಮೈಸೂರು (ಜೂನ್ 22)

ಕೆಲಸ ಮುಗೀತು, ಮುಗಿದಿಲ್ಲ ಅಂತಲೂ ಹೇಳಬಹುದು. ಆದದ್ದು ಬರೀತೀನಿ.

ಅರ್ಜಿ ಹಾಕಿದೆ. ಹಿತ್ತಲ ಗೇರು ಅಕ್ಕ ಕೇಳಿದ ಬಕೆಟ್ ಫೋಟೋ ಪುಣ್ಯಕ್ಕೆ ಮಗಳ ಫೋನಲ್ಲಿತ್ತು, ಅದನ್ನೂ ಲಗತ್ತಿಸಿದೆ. ಸ್ಥಳ ನೋಡೋಕೆ ಬಂದ ಅಧಿಕಾರಿ ಸಂಪಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿದರು. ಫೆಬ್ರವರಿಯಲ್ಲಿ ಕುಯ್ದಿದ್ದ ಬೇರು ಮತ್ತೆ ಮೊಳ ಉದ್ದ ಬಂದಿತ್ತು. ನಾನು ಬಾಯಿ ಬಿಡೋ ಅಗತ್ಯವೇ ಬೀಳಲಿಲ್ಲ. ಎರಡು ಸಸಿ ನೆಡಬೇಕು ಅನ್ನೋ ಷರತ್ತಿನ ಮೇಲೆ ಅಪ್ಪಣೆ ಕೊಟ್ಟರು.

ಕಡಿಯೋರು ಬಂದು ಏಣಿ ಹಾಕಿದ ದಿನವೇ ಪಿಕಳಾರದ ಗೂಡು ಕಾಣಿಸ್ತು, ಮೂರು ಮೊಟ್ಟೆ. ಅಮ್ಮನಿಗೆ ಸುಪ್ರೀಂ ಕೋರ್ಟ್ ಸ್ಟೇ ಸಿಕ್ಕಿದಷ್ಟು ಖುಷಿ. ಏಣಿ ಇಳಿಸಿದ್ವಿ. ಮುಂದಿನ ನಾಲ್ಕು ವಾರ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಆದ ಕೂಡಲೇ ಗೂಡಿನ ವರದಿ. ಮರಿಗಳು ಹಾರಿದ ಮೇಲೂ ಇನ್ನೊಂದು ಜೋಡಿ ಬರಬಹುದು, ಕಾಯೋಣ ಅಂದರು ಅಮ್ಮ. ನಾನು ಒಪ್ಪಲಿಲ್ಲ.

ಕಡಿಯೋ ಹಿಂದಿನ ದಿನ ಸಂಜೆ ಅಮ್ಮ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಒಂದು ಲೋಟ ಹಾಲು ಹುಯ್ದರು. ನಿನ್ನ ಹಾಲಿಗೆ ನಮ್ಮ ಹಾಲು, ಲೆಕ್ಕ ಚುಕ್ತಾ ಅಂದರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದು ಇಂಥ ಸೆಟ್ಲ್‌ಮೆಂಟ್ ನಾನು ನೋಡಿರಲಿಲ್ಲ.

ಮಷಿನ್ ಇದ್ದವರಿಗೇ ಕೊಟ್ಟೆ. ಮೇಲೆ ಹತ್ತಿದ ಹುಡುಗ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು ಹಾಕಿದ್ದ. ಕಡಿಮೆ ಹೇಳಿದವರು ಬರಿಗಾಲಲ್ಲಿ ಹತ್ತುವವರು, ನನ್ನ ಗೇಟಿನೊಳಗೆ ಅದು ಬೇಡ ಅನ್ನಿಸ್ತು. ಬೀದಿಯ ಲೈನಿಗೆ ಕೊಂಬೆ ತಾಗ್ತಿದ್ದರಿಂದ ವಿದ್ಯುತ್ ಕಚೇರಿಗೆ ಮೊದಲೇ ಬರೆದುಕೊಟ್ಟು ಬೆಳಗ್ಗೆ ಎರಡು ಗಂಟೆ ಕರೆಂಟ್ ತೆಗೆಸಿದ್ವಿ. ಬೀದಿಯವರು ಬೈದರು, ಇಂಗಿನ ಎದುರುಮನೆಯವರು ಎಲ್ಲರಿಗಿಂತ ಜೋರಾಗಿ. ಸೌದೆಗೆ ಯಾರಿಗೂ ಬೇಡ. ಒಲೆಗೆ ಹಾಕಿದರೆ ಬರೀ ಹೊಗೆ ಅಂತಾರೆ. ಸಾಗಿಸೋಕೆ ಟ್ರ್ಯಾಕ್ಟರ್ ಬಾಡಿಗೆ ನಾನೇ ಕೊಟ್ಟೆ, ಇದನ್ನ ಮೊದಲೇ ಮಾತಾಡಿಕೊಂಡಿರಬೇಕಿತ್ತು.

ಸಂಪಿನ ಕಡೆಯ ಬೇರನ್ನ ಇಬ್ಬರು ಮೂರು ದಿನ ಅಲ್ಲ, ನಾಲ್ಕೂವರೆ ದಿನ ಅಗೆದರು. ತೋಳು ದಪ್ಪದ ಒಂದು ಬೇರು ಸಂಪಿನ ಗೋಡೆಗೆ ಒರಗಿಕೊಂಡೇ ಹೋಗಿತ್ತು. ಗೋಡೆ ಆಕಾರಕ್ಕೆ ತಾನೂ ಚಪ್ಪಟೆಯಾಗಿತ್ತು, ಇಟ್ಟಿಗೆಯ ಅಚ್ಚು ಸಹಿತ. ಅದರ ಒಂದು ತುಂಡು ಇಟ್ಟುಕೊಂಡಿದೀನಿ. ಸಂಪು ಈಗ ಜಿನುಗ್ತಿಲ್ಲ, ಟೇಪು ಬಿಟ್ಟು ಮೂರು ರಾತ್ರಿ ನೋಡಿದೆ. ಕೆಲಸದಾಕೆಗೆ ನಡೆದದ್ದು ಹೇಳಿದೆ. "ನಾನ್ ಆವಾಗ್ಲೇ ಹೇಳಿರ್ನಿಲ್ವಾ ಸಾ" ಅಂದಳು. ಹೇಳಿದ್ದಳಂತೆ.

ಕಾಂಪೌಂಡು ಮುಂದಿನ ವರ್ಷ. ಪೇಢೆ ಅವರ ಮಾತು ಕೇಳಿ ಉಸುಕಿನ ಮೇಲೆ ಕಲ್ಲು ಹಾಸಿದೀನಿ. ಸಸಿಗಳನ್ನ ಹಿತ್ತಲಲ್ಲಿ ನೆಟ್ಟೆ, ಒಂದು ಕರಿಬೇವು, ಒಂದು ಪಾರಿಜಾತ. ಅಮ್ಮ ಅತ್ತಿ ಗಿಡ ಅಂದರು. ಕೇಳಿಸದ ಹಾಗೆ ಇದ್ದುಬಿಟ್ಟೆ.

ಒಂದೇ ಪ್ರಶ್ನೆ ಉಳಿದಿದೆ, ಹಿತ್ತಲ ಗೇರು ಅಕ್ಕನಿಗೆ. ಟಾರ್ಪಾಲು ಹೊದಿಸಿ ಚಪ್ಪಡಿ ಹೇರಿದ್ದೀನಿ. ಬುಡದ ಸುತ್ತ ಚಿಗುರು ಚಿವುಟ್ತಿದೀನಿ, ಇವತ್ತು ಬೆಳಗ್ಗೆ ಏಳು. ಆದರೆ ಒಂದು ಚಿಗುರು ಬುಡದಿಂದ ಐದಡಿ ದೂರ, ಗೇಟಿನ ಆ ಕಡೆ, ಚರಂಡಿ ಕಲ್ಲಿನ ಸಂದಿಯಿಂದ ಬಂದಿದೆ. ಇದು ನಮ್ಮ ಮರದ ಬೇರಿನದಾ, ಅಥವಾ ಹಕ್ಕಿ ಹಾಕಿದ ಬೀಜದ್ದಾ? ಚಿವುಟೋಕೆ ಹೋದರೆ ಅಮ್ಮ ಕಿಟಕಿಯಿಂದ ನೋಡ್ತಾ ಕೂತಿರ್ತಾರೆ.